ಸೋಲಾರ್ ಬ್ಯಾಟರಿ ಕೊಳ್ಳುವ ಮುನ್ನ: ಎ.ಎಚ್. ಬಿಡಿ, ಯೂನಿಟ್ ಕೇಳಿ

ಮಹಡಿ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್, ಅದರ ಮೇಲೆ ಏಪ್ರಿಲ್‌ನ ಬಿಸಿಲು. ಆದರೂ ಕರೆಂಟು ಹೋದ ಕೂಡಲೇ ಮನೆಯೊಳಗಿನ ಫ್ಯಾನು ನಿಂತುಬಿಡುತ್ತದೆ. ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಪಡೆದು ಸೋಲಾರ್ ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ ಈಗ ಇದೇ ದೂರು. "ಅಷ್ಟು ದುಡ್ಡು ಸುರಿದು ಬಂದದ್ದೇನು?" ಎಂದು ಮನೆಯ ಹಿರಿಯರು ಕೇಳುತ್ತಾರೆ. "ಬ್ಯಾಟರಿ ಹಾಕಿಸಿಬಿಡಿ ಸಾರ್" ಎಂದು ಅಂಗಡಿಯವರು ಹೇಳುತ್ತಾರೆ. ಒಬ್ಬರು ಟ್ಯೂಬುಲರ್ ಎನ್ನುತ್ತಾರೆ, ಇನ್ನೊಬ್ಬರು ಲಿಥಿಯಂ ಎನ್ನುತ್ತಾರೆ. ಬೆಲೆ ಒಂದಕ್ಕೊಂದು ದುಪ್ಪಟ್ಟು. ಕೈಯಲ್ಲಿ ಮೂರು ಕೊಟೇಶನ್ ಹಿಡಿದು ಕೂತರೂ ಅವನ್ನು ಹೋಲಿಸುವುದು ಹೇಗೆಂದು ತಿಳಿಯುವುದಿಲ್ಲ, ಏಕೆಂದರೆ ಮೂವರೂ ಬರೆದುಕೊಟ್ಟಿರುವ ಅಳತೆಗಳೇ ಬೇರೆ ಬೇರೆ.

ಬಿಸಿಲಿದ್ದರೂ ಸೋಲಾರ್ ಯಾಕೆ ನಿಲ್ಲುತ್ತದೆ?

ನಿಮ್ಮ ಪ್ಯಾನೆಲ್ ಕೆಟ್ಟಿಲ್ಲ. ಆನ್‌ಗ್ರಿಡ್ ಇನ್ವರ್ಟರ್ ತಾನಾಗಿ ಕರೆಂಟು ಹುಟ್ಟಿಸುವ ಯಂತ್ರವಲ್ಲ. ಕಂಬದಿಂದ ಬರುವ ಕರೆಂಟಿನ ವೋಲ್ಟೇಜನ್ನೂ 50 ಹರ್ಟ್ಸ್‌ನ ಲಯವನ್ನೂ ನೋಡಿಕೊಂಡು, ಅದರ ಜೊತೆಗೆ ತನ್ನದನ್ನು ಸೇರಿಸುವುದಷ್ಟೇ ಅದರ ಕೆಲಸ. ಕಂಬದ ಕರೆಂಟು ನಿಂತರೆ ಅದೂ ಕ್ಷಣಗಳಲ್ಲಿ ನಿಲ್ಲಬೇಕು ಎನ್ನುವುದು ಸುರಕ್ಷತೆಯ ನಿಯಮ. ಲೈನ್ ಆಫ್ ಆಗಿದೆಯೆಂದು ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಿಮ್ಮ ಮನೆಯ ಸೋಲಾರ್ ಆ ತಂತಿಗೆ ಕರೆಂಟು ತಳ್ಳಿದರೆ ಅವನ ಜೀವಕ್ಕೇ ಅಪಾಯ.

ಹಾಗಾಗಿ ಕರೆಂಟಿಲ್ಲದಾಗಲೂ ಸೋಲಾರ್ ನಡೆಯಬೇಕೆಂದರೆ ಎರಡು ವಸ್ತು ಬೇಕು: ಬೀದಿಯ ಲೈನಿನಿಂದ ಮನೆಯನ್ನು ಬೇರ್ಪಡಿಸಿ ತಾನೇ ಲಯ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್, ಮತ್ತು ಮೋಡ ಬಂದು ಹೋಗುವ ಏರಿಳಿತವನ್ನು ತಾಳಿಕೊಳ್ಳುವ ಬ್ಯಾಟರಿ. 2024ರ ಫೆಬ್ರುವರಿಯಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ ಸಿಗುವ ಗರಿಷ್ಠ 78,000 ರೂಪಾಯಿ ಸಹಾಯಧನ ಸೋಲಾರ್ ಘಟಕಕ್ಕೆ ಮಾತ್ರ. ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮದೇ.

ಬ್ಯಾಟರಿ ನಮಗೆ ಹೊಸದಲ್ಲ. ಲೆಡ್-ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ತಲುಪಿಸಲೆಂದು ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸೆಲ್ಕೋ ಕಂಪನಿ ಕಟ್ಟಿದಾಗಲೂ ದೀಪದ ಹಿಂದೆ ಇದ್ದದ್ದು ಇದೇ ಬ್ಯಾಟರಿ. ಲಿಥಿಯಂ ಅಯಾನ್ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಅದು ಮನೆಯ ಗೋಡೆಗೆ ಬಂದು ಕೂತದ್ದು ಮಾತ್ರ ಇತ್ತೀಚೆಗೆ.

ಮೊದಲು ಉದ್ದೇಶ, ಆಮೇಲೆ ಬ್ಯಾಟರಿ

ನಿಮಗೆ ಬ್ಯಾಟರಿ ಬೇಕಿರುವುದು ಬಿಲ್ ಉಳಿಸಲೋ, ಕತ್ತಲೆ ತಪ್ಪಿಸಲೋ? ಅಂಗಡಿಗೆ ಕಾಲಿಡುವ ಮುಂಚೆ ಇದನ್ನು ತೀರ್ಮಾನಿಸಿಕೊಳ್ಳಿ. ಮಾರುವವರು ಎರಡನ್ನೂ ಒಟ್ಟಿಗೆ ಹೇಳುತ್ತಾರೆ, ಆದರೆ ಅವೆರಡಕ್ಕೂ ಲೆಕ್ಕ ಬೇರೆ.

ನೆಟ್ ಮೀಟರಿಂಗ್ ಇರುವ ಮನೆಯಲ್ಲಿ ಹಗಲು ಲೈನಿಗೆ ಕೊಟ್ಟ ಯೂನಿಟ್, ರಾತ್ರಿ ಲೈನಿನಿಂದ ಪಡೆದ ಯೂನಿಟ್‌ಗೆ ವಜಾ ಆಗುತ್ತದೆ. ಅಂದರೆ ಹಗಲಿನ ಬಿಸಿಲನ್ನು ರಾತ್ರಿಗೆ ಇಟ್ಟುಕೊಳ್ಳುವ ಕೆಲಸವನ್ನು ಎಸ್ಕಾಂ ಆಗಲೇ ಮಾಡಿಕೊಡುತ್ತಿದೆ. ಅದೇ ಕೆಲಸಕ್ಕೆ ಲಕ್ಷ ರೂಪಾಯಿ ಕೊಟ್ಟು ಬ್ಯಾಟರಿ ತರುವುದರಲ್ಲಿ ಅರ್ಥವಿಲ್ಲ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗಂತೂ ಉಳಿಸಲು ಬಿಲ್ಲೇ ಇಲ್ಲ. ಮನೆ ಬಳಕೆಯ ಕರೆಂಟಿಗೆ ನಮ್ಮಲ್ಲಿ ಯೂನಿಟ್‌ಗೆ ಸುಮಾರು ಆರು ರೂಪಾಯಿ. ಬ್ಯಾಟರಿಯೊಳಗೆ ಹೋಗಿ ಬರುವ ಯೂನಿಟ್ ಅದಕ್ಕಿಂತ ದುಬಾರಿ ಬೀಳುತ್ತದೆ. ಲೆಕ್ಕವನ್ನು ಮುಂದೆ ತೋರಿಸುತ್ತೇನೆ.

ಉಳಿದದ್ದು ಕತ್ತಲೆ. ಅದು ಎಲ್ಲರಿಗೂ ಒಂದೇ ಅಲ್ಲ. ಬೆಂಗಳೂರಿನ ಬಡಾವಣೆಯೊಂದರಲ್ಲಿ ವಾರಕ್ಕೊಮ್ಮೆ ಒಂದೆರಡು ಗಂಟೆ ಹೋಗುವ ಕರೆಂಟು ಬೇರೆ. ಆಷಾಢದ ಗಾಳಿಗೆ ಮರ ಬಿದ್ದು ಕಂಬ ಮುರಿದು, ಕೊಡಗಿನಲ್ಲೋ ಶೃಂಗೇರಿ ಕಡೆಯಲ್ಲೋ ಎರಡು ಮೂರು ದಿನ ಬಾರದ ಕರೆಂಟು ಬೇರೆ. ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಗುರುತು ಹಾಕಿ: ಯಾವ ಹೊತ್ತಿಗೆ ಹೋಯಿತು, ಎಷ್ಟು ಹೊತ್ತು ಹೋಯಿತು, ಆಗ ಮನೆಯಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಏನು. ಮಾರುವವನ ಬ್ರೋಷರ್ ಹೇಳದ್ದನ್ನು ಈ ಕಾಗದ ಹೇಳುತ್ತದೆ.

ಎ.ಎಚ್. ಎಂಬ ಮೋಸದ ಅಳತೆ

ಅಂಗಡಿಯಲ್ಲಿ ಬ್ಯಾಟರಿಗಳ ಹೆಸರೇ ಎ.ಎಚ್., ಅಂದರೆ ಆಂಪಿಯರ್-ಅವರ್. "150 ಎ.ಎಚ್. ತಗೊಳ್ಳಿ, 200 ಎ.ಎಚ್. ತಗೊಳ್ಳಿ." ಈ ಅಂಕಿಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ವೋಲ್ಟೇಜ್ ಸೇರಿಸಿ ಗುಣಿಸಬೇಕು. 12 ವೋಲ್ಟ್ 150 ಎ.ಎಚ್. ಎಂದರೆ 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. 51.2 ವೋಲ್ಟ್ 100 ಎ.ಎಚ್. ಎಂದರೆ 5.12 ಯೂನಿಟ್. 100ಕ್ಕಿಂತ 150 ದೊಡ್ಡದು ಎಂದುಕೊಂಡು ಹೋದವರು ಮೂರನೇ ಒಂದು ಭಾಗದ ಬ್ಯಾಟರಿ ತಂದಿರುತ್ತಾರೆ.

ಗುಣಿಸಿದರೂ ಲೆಕ್ಕ ಮುಗಿಯಲಿಲ್ಲ. ಲೆಡ್-ಆಸಿಡ್ ಬ್ಯಾಟರಿಯನ್ನು ತಳದವರೆಗೆ ಖಾಲಿ ಮಾಡುತ್ತಾ ಬಂದರೆ ಅದು ಬೇಗ ಸಾಯುತ್ತದೆ. ನಾಲ್ಕೈದು ವರ್ಷ ಬಾಳಬೇಕಾದರೆ ಅರ್ಧಕ್ಕೇ ನಿಲ್ಲಿಸಬೇಕು. ಅರ್ಧ ಎತ್ತರಕ್ಕೆ ನಲ್ಲಿ ಜೋಡಿಸಿದ ನೀರಿನ ಟ್ಯಾಂಕಿನ ಹಾಗೆ: ತುಂಬಿದ್ದು ಸಾವಿರ ಲೀಟರ್, ಕೈಗೆ ಸಿಗುವುದು ಐನೂರು. ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತರಷ್ಟನ್ನು ನಿರಾತಂಕವಾಗಿ ಬಳಸಬಹುದು. ಕೊಟೇಶನ್ ಕೊಟ್ಟವರನ್ನು ಕೇಳಬೇಕಾದ ಮೊದಲ ಮಾತು ಇದೇ: "ದಿನಾ ಬಳಸಿದರೂ ಆಯುಸ್ಸಿಗೆ ತೊಂದರೆಯಾಗದಂತೆ ಇದರಿಂದ ಎಷ್ಟು ಯೂನಿಟ್ ತೆಗೆಯಬಹುದು?" ಉತ್ತರವನ್ನು ಕೊಟೇಶನ್ನಿನ ಮೇಲೆಯೇ ಬರೆಸಿಕೊಳ್ಳಿ.

ಲೆಡ್-ಆಸಿಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೇಬಲ್ ಮೇಲೆ ಸಿ10 ಅಥವಾ ಸಿ20 ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಸಿ10 ಎಂದರೆ ಹತ್ತು ಗಂಟೆಯಲ್ಲಿ ಖಾಲಿ ಮಾಡಿದರೂ 150 ಎ.ಎಚ್. ಸಿಗುತ್ತದೆ, ಸಿ20 ಎಂದರೆ ಇಪ್ಪತ್ತು ಗಂಟೆ ನಿಧಾನವಾಗಿ ತೆಗೆದರೆ ಮಾತ್ರ. ಈ ಬ್ಯಾಟರಿಯಿಂದ ಬೇಗ ತೆಗೆದಷ್ಟೂ ಒಟ್ಟು ಸಿಗುವುದು ಕಡಿಮೆ. ಸೋಲಾರ್‌ಗೆಂದು ಮಾಡಿದವು ಸಾಮಾನ್ಯವಾಗಿ ಸಿ10, ಮನೆಯ ಯುಪಿಎಸ್‌ಗೆಂದು ಮಾಡಿದವು ಸಿ20. ಎರಡೂ 150 ಎಂದಿದ್ದು, ಒಂದು ಅಗ್ಗವಿದ್ದರೆ ಕಾರಣ ಹೆಚ್ಚಾಗಿ ಇದೇ.

ಮನೆಗೆಷ್ಟು ಬೇಕು?

ಇಡೀ ಮನೆಯ ತಿಂಗಳ ಬಿಲ್ ಹಿಡಿದು ಬ್ಯಾಟರಿ ಲೆಕ್ಕ ಹಾಕುವವರಿದ್ದಾರೆ. ಅದು ತಪ್ಪು. ಕರೆಂಟಿಲ್ಲದ ರಾತ್ರಿಯಲ್ಲಿ ಬೇಕೇ ಬೇಕಾದದ್ದನ್ನು ಮಾತ್ರ ಪಟ್ಟಿ ಮಾಡಿ. ನಾಲ್ಕು ಜನರ ಮನೆಯ ಒಂದು ಮಾದರಿ ಇಲ್ಲಿದೆ:

1. 9 ವ್ಯಾಟ್‌ನ 5 ಎಲ್‌ಇಡಿ ಬಲ್ಬ್, 5 ಗಂಟೆ: 225 ವ್ಯಾಟ್-ಅವರ್
2. 75 ವ್ಯಾಟ್‌ನ 3 ಹಳೆಯ ಫ್ಯಾನ್, 8 ಗಂಟೆ: 1,800
3. ಸಾಧಾರಣ ಫ್ರಿಜ್, 12 ಗಂಟೆ: ಸುಮಾರು 500
4. ಟಿವಿ, 3 ಗಂಟೆ: 240
5. ವೈಫೈ, ಮೊಬೈಲ್ ಚಾರ್ಜಿಂಗ್: 150

ಒಟ್ಟು 2.9 ಯೂನಿಟ್. ಇನ್ವರ್ಟರಿನೊಳಗೆ ಕಳೆದುಹೋಗುವುದಕ್ಕೆಂದು ನೂರಕ್ಕೆ ಹದಿನೈದು ಸೇರಿಸಿದರೆ 3.4 ಯೂನಿಟ್. ಇಷ್ಟಕ್ಕೆ 12 ವೋಲ್ಟ್ 150 ಎ.ಎಚ್.ನ ನಾಲ್ಕು ಟ್ಯೂಬುಲರ್ ಲೆಡ್-ಆಸಿಡ್ ಬ್ಯಾಟರಿ ಬೇಕು, ಇಲ್ಲವೇ 5 ಯೂನಿಟ್‌ನ ಒಂದು ಲಿಥಿಯಂ.

ಪಟ್ಟಿಯ ಎರಡನೇ ಸಾಲನ್ನು ಮತ್ತೊಮ್ಮೆ ನೋಡಿ. ಅರ್ಧಕ್ಕಿಂತ ಹೆಚ್ಚು ಕರೆಂಟನ್ನು ಫ್ಯಾನುಗಳೇ ತಿನ್ನುತ್ತಿವೆ. ಅವುಗಳ ಜಾಗಕ್ಕೆ 30 ವ್ಯಾಟ್ ಸಾಕಾಗುವ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 1,800 ಇದ್ದದ್ದು 720ಕ್ಕೆ ಇಳಿಯುತ್ತದೆ. ಒಟ್ಟು ಅಗತ್ಯ, ಇನ್ವರ್ಟರಿನ ನಷ್ಟ ಸೇರಿ, ಸುಮಾರು 2.1 ಯೂನಿಟ್. ಈಗ 5 ಯೂನಿಟ್‌ನ ಲಿಥಿಯಂ ಬದಲು ಅದರರ್ಧದ್ದೇ ಸಾಕು. ಮೂರು ಫ್ಯಾನಿನ ದುಡ್ಡಿನಲ್ಲಿ ಅರ್ಧ ಬ್ಯಾಟರಿಯ ದುಡ್ಡು ಉಳಿಯಿತು. ಬ್ಯಾಟರಿ ಮಾರುವವರು ಈ ಮಾತನ್ನು ಎತ್ತುವುದಿಲ್ಲ. ಅವರು ಫ್ಯಾನ್ ಮಾರುವವರಲ್ಲವಲ್ಲ!

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಈ ಪಟ್ಟಿಗೆ ಬರಬಾರದು. 2,000 ವ್ಯಾಟ್‌ನ ಗೀಸರ್ ಒಂದು ಗಂಟೆ ಉರಿದರೆ ನಿಮ್ಮ ರಾತ್ರಿಯೆಲ್ಲ ಅದರಲ್ಲೇ ಮುಗಿಯಿತು. ನೀರು ಕಾಯಿಸಲು ಸೋಲಾರ್ ವಾಟರ್ ಹೀಟರ್ ಇದೆ, ಹಂಡೆ ಒಲೆಯಿದೆ. ಮಿಕ್ಸಿ ಹತ್ತು ನಿಮಿಷ ತಿರುಗಿದರೆ ತಿನ್ನುವುದು ಹೆಚ್ಚೇನಲ್ಲ. ಬೋರ್‌ವೆಲ್ ಪಂಪಿನ ಮಾತು ಹಾಗಲ್ಲ: ಒಂದು ಎಚ್‌ಪಿ ಮೋಟಾರು ಕೂಡ ಶುರುವಾಗುವ ಕ್ಷಣದಲ್ಲಿ, ನಡೆಯುವಾಗ ಎಳೆಯುವುದರ ಐದಾರು ಪಟ್ಟು ಎಳೆಯುತ್ತದೆ. ತ್ರೀಫೇಸ್ ಪಂಪ್ ಆದರೆ ಸಿಂಗಲ್ ಫೇಸ್ ಇನ್ವರ್ಟರಿನಲ್ಲಿ ನಡೆಯುವುದೇ ಇಲ್ಲ. ಓವರ್‌ಹೆಡ್ ಟ್ಯಾಂಕ್ ದೊಡ್ಡದು ಮಾಡಿಸಿ ಕರೆಂಟಿರುವಾಗ ತುಂಬಿಸಿಕೊಳ್ಳುವುದು ಪಂಪಿಗೆ ಬ್ಯಾಟರಿ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಕಣದಲ್ಲಿ ಯಾರಿದ್ದಾರೆ?

ಟ್ಯೂಬುಲರ್ ಲೆಡ್-ಆಸಿಡ್. ಕೊಳ್ಳುವಾಗ ಕಡಿಮೆ ದುಡ್ಡು, ತಾಲ್ಲೂಕು ಕೇಂದ್ರದ ಬ್ಯಾಟರಿ ಅಂಗಡಿಯಲ್ಲೂ ರಿಪೇರಿ. ಹಳೆಯದಾದ ಮೇಲೆ ಅದರೊಳಗಿನ ಸೀಸಕ್ಕೆ ಬೆಲೆಯಿದೆ, ಹೊಸದು ಕೊಳ್ಳುವಾಗ ಅಂಗಡಿಯವರೇ ಹಿಡಿದುಕೊಳ್ಳುತ್ತಾರೆ. ಕಷ್ಟವೆಂದರೆ ತೂಕ, ಜಾಗ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕಬೇಕಾದ ಡಿಸ್ಟಿಲ್ಡ್ ವಾಟರ್, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್. ಸೆಕೆಯೂ ಇದಕ್ಕೆ ಆಗದು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕ್ಷೇತ್ರದವರ ಸ್ಥೂಲ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಶೀಟಿನ ಕೋಣೆಯಲ್ಲಿ ಇಟ್ಟ ಬ್ಯಾಟರಿಯ ಗತಿ ನೀವೇ ಊಹಿಸಿ.

ಆದರೆ ಇದರ ಮುಖ್ಯ ಸ್ವಭಾವವನ್ನು ಮಾರುವವರು ಹೇಳುವುದು ಅಪರೂಪ. ಲೆಡ್-ಆಸಿಡ್ ಯಾವಾಗಲೂ ತುಂಬಿರಬೇಕು. ಅರ್ಧ ಖಾಲಿಯಾಗಿ ವಾರಗಟ್ಟಲೆ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ, ಮತ್ತೆ ತುಂಬಿಕೊಳ್ಳುವ ಶಕ್ತಿಯೇ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆಗುವುದು ಇದೇ. ದಟ್ಟ ಮೋಡದ ದಿನ ಪ್ಯಾನೆಲ್ ಕೊಡುವುದು ಬಿಸಿಲಿನ ದಿನದ ಹತ್ತನೇ ಒಂದು ಭಾಗದಿಂದ ಕಾಲುಭಾಗದವರೆಗೆ ಮಾತ್ರ. ಲೈನಿನ ಕರೆಂಟೂ ಬಾರದಿದ್ದರೆ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಎರಡೇ ಮಳೆಗಾಲಕ್ಕೆ ಬ್ಯಾಟರಿ ಹೋಯಿತೆಂದು ಬೈಯುವವರ ಮನೆಯಲ್ಲಿ ನಡೆದಿರುವುದು ಬಹುಮಟ್ಟಿಗೆ ಈ ಅರೆಹೊಟ್ಟೆಯ ಕಥೆ. ಇದಕ್ಕೆ ವ್ಯತಿರಿಕ್ತವಾಗಿ, ದಿನವೂ ಕರೆಂಟಿದ್ದು ಅಪರೂಪಕ್ಕೆ ಹೋಗುವ ಊರಿನಲ್ಲಿ ಅದು ಸದಾ ತುಂಬಿಯೇ ಇರುತ್ತದೆ. ಅಲ್ಲಿ ಚೆನ್ನಾಗಿ ಬಾಳುತ್ತದೆ.

ಎಸ್‌ಎಂಎಫ್ ಮತ್ತು ಜೆಲ್. ಇವೂ ಲೆಡ್-ಆಸಿಡ್ಡೇ, ನೀರು ಹಾಕುವ ಕೆಲಸವಿಲ್ಲ ಅಷ್ಟೆ. ಸೆಕೆಗೆ ಇನ್ನೂ ಬೇಗ ಸೋಲುತ್ತವೆ. ಮನೆಯ ಸೋಲಾರಿಗೆ ಇವನ್ನು ಕೊಳ್ಳಲು ನನಗೆ ಒಳ್ಳೆಯ ಕಾರಣ ಕಾಣುವುದಿಲ್ಲ.

ಲಿಥಿಯಂ, ಅಂದರೆ ಎಲ್‌ಎಫ್‌ಪಿ. ಲಿಥಿಯಂ ಎಂಬುದು ಒಂದೇ ಜಾತಿಯಲ್ಲ. ಮನೆಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಇದರ ಒಂದೊಂದು ಸೆಲ್ 3.2 ವೋಲ್ಟ್, 16 ಸೆಲ್ ಸೇರಿದರೆ 51.2 ವೋಲ್ಟ್. ಹಗುರ, ನೀರು ಬೇಡ. ಲೆಡ್-ಆಸಿಡ್‌ಗೆ 100 ಯೂನಿಟ್ ತುಂಬಿದರೆ 80ರ ಆಸುಪಾಸು ಹಿಂದಿರುಗುತ್ತದೆ, ಇದರಲ್ಲಿ 90ಕ್ಕೂ ಮೇಲೆ. ಅರ್ಧ ತುಂಬಿದ್ದರೂ ಇದಕ್ಕೆ ಬೇಸರವಿಲ್ಲ, ಹಾಗಾಗಿ ಮೋಡದ ತಿಂಗಳುಗಳನ್ನು ಇದು ದಾಟುತ್ತದೆ. ದಿನಕ್ಕೊಂದು ಸಲ ತುಂಬಿ ಖಾಲಿ ಮಾಡಿದರೂ ಹತ್ತು ವರ್ಷ ದುಡಿಯುವ ಬ್ಯಾಟರಿ ಇದು. ಆದರೆ ಒಳಗಿನ ಬಿಎಂಎಸ್ ಎಂಬ ನಿಯಂತ್ರಣ ಬೋರ್ಡ್ ಕೆಟ್ಟರೆ ಊರಿನ ಮೆಕ್ಯಾನಿಕ್ ಕೈ ಚೆಲ್ಲುತ್ತಾನೆ; ಕಂಪನಿಯೇ ಬರಬೇಕು.

ಎನ್‌ಎಂಸಿ ಎಂಬ ಇನ್ನೊಂದು ಲಿಥಿಯಂ ಬಗೆ ಹಲವು ಕಾರು, ಸ್ಕೂಟರುಗಳಲ್ಲಿದೆ. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ, ಆದರೆ ಕಾವು ಏರಿ ನಿಯಂತ್ರಣ ತಪ್ಪುವ ಮಟ್ಟ ಎಲ್‌ಎಫ್‌ಪಿಗಿಂತ ಕೆಳಗಿದೆ. ಗೋಡೆಗೆ ನೇತುಹಾಕುವ ಬ್ಯಾಟರಿಗೆ ತೂಕ ಕಡಿಮೆಯಾಗಿ ಆಗಬೇಕಾದ್ದೇನೂ ಇಲ್ಲ. ಹಳೆಯ ಎಲೆಕ್ಟ್ರಿಕ್ ವಾಹನಗಳಿಂದ ಕಿತ್ತ ಸೆಲ್‌ಗಳನ್ನು ಹೊಸ ಪೆಟ್ಟಿಗೆಗೆ ತುಂಬಿ ಅಗ್ಗಕ್ಕೆ ಮಾರುವವರ ಹತ್ತಿರವಂತೂ ಹೋಗಬೇಡಿ. ಸೋಡಿಯಂ ಅಯಾನ್ ಬಗ್ಗೆ ಸುದ್ದಿ ಓದಿರುತ್ತೀರಿ. ನಮ್ಮ ಊರಿನ ಅಂಗಡಿಯಲ್ಲಿ ಕೇಳಿ ಕೊಳ್ಳುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ಬೆಲೆಯನ್ನು ಹೋಲಿಸುವ ಸರಿಯಾದ ಬಗೆ

ಬೆಲೆ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಇಲ್ಲಿ ಹಾಕಿರುವ ಬೆಲೆಗಳು ಲೆಕ್ಕ ತೋರಿಸುವುದಕ್ಕಷ್ಟೇ. ನಿಮ್ಮ ಕೊಟೇಶನ್ನಿನದನ್ನು ಅಲ್ಲಿ ಕೂರಿಸಿಕೊಳ್ಳಿ.

ನಾಲ್ಕು ಟ್ಯೂಬುಲರ್ ಬ್ಯಾಟರಿಗೆ 64,000 ರೂಪಾಯಿ ಎನ್ನಿ. ಒಟ್ಟು 7.2 ಯೂನಿಟ್, ಬಳಕೆಗೆ ಸಿಗುವುದು 3.6. ಅರ್ಧರ್ಧ ಬಳಸಿ 1,500 ಸಲ ದುಡಿದರೆ ಅದು ಬಾಳಿನಲ್ಲಿ ಕೊಡುವುದು 5,400 ಯೂನಿಟ್. ಯೂನಿಟ್‌ಗೆ 12 ರೂಪಾಯಿ ಬಿತ್ತು. 5.12 ಯೂನಿಟ್‌ನ ಎಲ್‌ಎಫ್‌ಪಿಗೆ 1,20,000 ಎನ್ನಿ. ನೂರಕ್ಕೆ ಎಂಬತ್ತರಂತೆ 4.1 ಯೂನಿಟ್, 4,000 ಸಲ: 16,400 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಚಿಲ್ಲರೆ. ಲಿಥಿಯಂ ಗೆದ್ದಿತು ಎಂದು ಮಾರುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ.

ನಾವು ಮುಚ್ಚುವುದು ಬೇಡ. ಈ ಲೆಕ್ಕ ನಿಲ್ಲುವುದು ಬ್ಯಾಟರಿ ದಿನಾ ದುಡಿದರೆ ಮಾತ್ರ. ನಿಮ್ಮಲ್ಲಿ ವರ್ಷಕ್ಕೆ 60 ಸಲ ಮಾತ್ರ ಅದು ಪೂರ್ತಿ ಬಳಕೆಯಾದರೆ? 4,000 ಸಲ ಮುಗಿಯಲು ಸುಮಾರು 67 ವರ್ಷ ಬೇಕು. ಅಷ್ಟು ಕಾಲ ಯಾವ ಬ್ಯಾಟರಿಯೂ ಉಳಿಯುವುದಿಲ್ಲ, ಸುಮ್ಮನೆ ಇಟ್ಟರೂ ವಯಸ್ಸಾಗುತ್ತದೆ. ಹತ್ತು ವರ್ಷ ಹಿಡಿದರೆ ಎಲ್‌ಎಫ್‌ಪಿ ಕೊಡುವುದು 2,460 ಯೂನಿಟ್: ಒಂದಕ್ಕೆ 49 ರೂಪಾಯಿ. ಟ್ಯೂಬುಲರ್ ಐದು ವರ್ಷ ಬಾಳಿದರೆ 1,080 ಯೂನಿಟ್: ಒಂದಕ್ಕೆ 59 ರೂಪಾಯಿ. ಪ್ರಮಾಣದಲ್ಲಿ ನೋಡಿದರೆ ವ್ಯತ್ಯಾಸ ಬಹಳ ಕುಗ್ಗಿತು. ಹಳೆಯ ಬ್ಯಾಟರಿಯ ಗುಜರಿ ಬೆಲೆ ಕಳೆದರೆ ಇನ್ನೂ ಕುಗ್ಗುತ್ತದೆ. ಆಮೇಲೆ ತೀರ್ಮಾನಿಸಬೇಕಾದದ್ದು ಈಗ ಕೈಯಲ್ಲಿರುವ ದುಡ್ಡು, ಮನೆಯಲ್ಲಿರುವ ಜಾಗ, ನೀರು ಹಾಕಲು ನೆನಪಿಡುವ ಜನ.

ಯಾವ ಲೆಕ್ಕದಲ್ಲೂ ಬ್ಯಾಟರಿಯ ಯೂನಿಟ್ ಆರು ರೂಪಾಯಿಗಿಂತ ಕೆಳಗೆ ಇಳಿಯಲಿಲ್ಲ ಎನ್ನುವುದನ್ನು ಗಮನಿಸಿ. ಅದಕ್ಕೆ ತುಂಬಿಸುವ ಕರೆಂಟಿನ ಖರ್ಚು, ಹೈಬ್ರಿಡ್ ಇನ್ವರ್ಟರಿನ ಹೆಚ್ಚುವರಿ ಖರ್ಚು ಇದರಲ್ಲಿ ಸೇರಿಯೂ ಇಲ್ಲ.

ಇನ್ವರ್ಟರಿನ ಜೊತೆ ಕೂಡಿ ಬರುತ್ತದೆಯೇ?

ಬ್ಯಾಟರಿ ಒಳ್ಳೆಯದಿದ್ದು ಇನ್ವರ್ಟರಿನ ಜೊತೆ ಹೊಂದದಿದ್ದರೆ ದುಡ್ಡು ದಂಡ. ಮೂರು ಸಂಗತಿ ನೋಡಿ.

ಒಂದು, ಬಿಡುವ ವೇಗ. 5 ಯೂನಿಟ್ ಬ್ಯಾಟರಿ ಎಂದರೆ 5 ಕಿಲೋವ್ಯಾಟ್ ಹೊರೆ ಹೊರುತ್ತದೆ ಎಂದಲ್ಲ. ಕೆಲವು ಲಿಥಿಯಂ ಬ್ಯಾಟರಿಗಳ ಬಿಎಂಎಸ್ 50 ಆಂಪಿಯರ್‌ಗೆ ಕಡಿವಾಣ ಹಾಕಿರುತ್ತದೆ. 51.2 ವೋಲ್ಟ್‌ಗೆ ಗುಣಿಸಿದರೆ ಸುಮಾರು ಎರಡೂವರೆ ಕಿಲೋವ್ಯಾಟ್ ಅಷ್ಟೆ. ಅದಕ್ಕಿಂತ ಹೆಚ್ಚು ಎಳೆದರೆ ಬ್ಯಾಟರಿ ತುಂಬಿದ್ದರೂ ಮನೆ ಕತ್ತಲಾಗುತ್ತದೆ.

ಎರಡು, ಮಾತುಕತೆ. ಲಿಥಿಯಂ ಬ್ಯಾಟರಿ ತನ್ನ ಸ್ಥಿತಿಯನ್ನು ಕೇಬಲ್ ಮೂಲಕ ಇನ್ವರ್ಟರಿಗೆ ತಿಳಿಸುತ್ತಿರಬೇಕು. ಇನ್ವರ್ಟರ್ ಕಂಪನಿಯ ಹೊಂದಾಣಿಕೆಯ ಪಟ್ಟಿಯಲ್ಲಿ ಆ ಬ್ಯಾಟರಿಯ ಮಾಡೆಲ್ ಇದೆಯೇ ಎಂದು ಕಣ್ಣಾರೆ ನೋಡಿ. "ಆಗುತ್ತೆ ಸಾರ್" ಎಂಬ ಮಾತು ಸಾಲದು. ಲೆಡ್-ಆಸಿಡ್‌ಗೆಂದು ಸೆಟ್ ಮಾಡಿದ ಹಳೆಯ ಯುಪಿಎಸ್‌ಗೆ ಲಿಥಿಯಂ ತಗುಲಿಸಿದರೆ ಅದರ ಚಾರ್ಜಿಂಗ್ ವೋಲ್ಟೇಜ್ ಹೊಂದದೆ ಬಿಎಂಎಸ್ ಪದೇ ಪದೇ ಕಡಿದುಹಾಕಬಹುದು.

ಮೂರು, ಈಗಾಗಲೇ ಆನ್‌ಗ್ರಿಡ್ ಇರುವವರ ಪ್ರಶ್ನೆ. ಇನ್ವರ್ಟರ್ ಬದಲಿಸಿ ಹೈಬ್ರಿಡ್ ಹಾಕಿಸಬಹುದು, ಅಥವಾ ಇದ್ದದ್ದನ್ನು ಉಳಿಸಿಕೊಂಡು ಬೇರೆಯೇ ಬ್ಯಾಟರಿ ಇನ್ವರ್ಟರನ್ನು ಜೊತೆಗೂಡಿಸಬಹುದು. ಎರಡಕ್ಕೂ ಮುಂಚೆ ಎಸ್ಕಾಂ ಕಚೇರಿಗೆ ತಿಳಿಸಿ. ಸಂಪರ್ಕ ಕೊಡುವಾಗ ನಿಮ್ಮ ಇನ್ವರ್ಟರಿನ ವಿವರ ಅವರಲ್ಲಿ ದಾಖಲಾಗಿರುತ್ತದೆ. ಮಾಮೂಲಿ ಮನೆ ಯುಪಿಎಸ್‌ನ ಔಟ್‌ಪುಟ್‌ಗೆ ಆನ್‌ಗ್ರಿಡ್ ಇನ್ವರ್ಟರನ್ನು ಸೇರಿಸುವ ಸಾಹಸವನ್ನು ಮಾತ್ರ ಯಾರೇ ಹೇಳಿದರೂ ಮಾಡಬೇಡಿ. ಸೋಲಾರ್ ತಳ್ಳಿದ ಕರೆಂಟು ಯುಪಿಎಸ್ಸನ್ನು ಸುಡಬಲ್ಲದು.

ಕೊಟೇಶನ್ ಮುಂದಿಟ್ಟುಕೊಂಡು ಕೇಳಬೇಕಾದವು

1. ಬಳಕೆಗೆ ಸಿಗುವ ಯೂನಿಟ್ ಎಷ್ಟು, ಒಂದೇ ಸಲ ಎಷ್ಟು ಕಿಲೋವ್ಯಾಟ್ ಎಳೆಯಬಹುದು?

2. ವಾರಂಟಿ ಎಷ್ಟು ವರ್ಷ, ಎಷ್ಟು ಸೈಕಲ್? ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ವಾರಂಟಿಯ ಕೊನೆಗೆ ಶೇಕಡಾ 60 ಉಳಿಯುತ್ತದೆ ಎನ್ನುತ್ತಾರೋ, 80 ಎನ್ನುತ್ತಾರೋ? ಇವೆರಡು ಒಂದೇ ಬ್ಯಾಟರಿಯಲ್ಲ.

3. ಟ್ಯೂಬುಲರ್‌ಗೆ "36+24 ತಿಂಗಳು" ಎಂದಿದ್ದರೆ ಮೊದಲ 36 ತಿಂಗಳಷ್ಟೇ ಪೂರ್ತಿ ಬದಲಿ. ಆಮೇಲಿನ 24ರಲ್ಲಿ ಸಿಗುವುದು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ.

4. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ದೊಡ್ಡ ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ ಲೆಕ್ಕ, ಸಿಕ್ಕ ಬಸ್ಸಿಗೆ ಹಾಕಿ ಕಳಿಸುವ ಪಾರ್ಸೆಲ್ ಅಲ್ಲ. ರಿಪೇರಿಯಾಗಿ ಬರುವವರೆಗೆ ಬದಲಿ ಬ್ಯಾಟರಿ ಕೊಡುತ್ತಾರೆಯೇ? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಸರ್ವಿಸ್ ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಸುಳ್ಯದವರಿಗೆ ಹತ್ತು ವರ್ಷದ ವಾರಂಟಿ ಬರೀ ಕಾಗದ.

5. ಬ್ಯಾಟರಿ ಪೂರ್ತಿ ಖಾಲಿಯಾಗಿ, ಲೈನಿನಲ್ಲೂ ಕರೆಂಟಿಲ್ಲದಾಗ, ಬೆಳಿಗ್ಗೆ ಬಿಸಿಲು ಬಂದರೆ ಇನ್ವರ್ಟರ್ ತಾನಾಗಿ ಎದ್ದೇಳುತ್ತದೆಯೇ? ಕೆಲವು ಏಳುವುದಿಲ್ಲ. ಮಲೆನಾಡಿನವರು ಇದನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ.

6. ಲೆಡ್-ಆಸಿಡ್ ಸೋಲಾರ್ ಬ್ಯಾಟರಿಗೆ ಐಎಸ್ 16270, ಲಿಥಿಯಂಗೆ ಐಇಸಿ 62619 ಪರೀಕ್ಷೆಯ ಪ್ರಮಾಣಪತ್ರ ಇದೆಯೇ? ಪ್ರತಿ ಕೊಡಲು ಹೇಳಿ.

7. ತುರ್ತು ಲೈನಿಗೆ ಬೇರೆ ವೈರಿಂಗ್, ಬೇರೆ ಡಿಬಿ ಬಾಕ್ಸ್, ಅರ್ಥಿಂಗ್, ಸಿಡಿಲಿನ ರಕ್ಷಣೆ ಇವೆಲ್ಲ ಬೆಲೆಯಲ್ಲಿ ಸೇರಿವೆಯೇ? 2025ರ ಸೆಪ್ಟೆಂಬರ್ 22ರಿಂದ ಲೆಡ್-ಆಸಿಡ್ ಬ್ಯಾಟರಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರ ಹಾಕಿದ್ದರೆ ತಿದ್ದಿಸಿ.

ಎಲ್ಲಿ ಇಡುವುದು: ಎಚ್ಚರಿಕೆಯ ಮಾತು

ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಟ್ಯೂಬುಲರ್ ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿ, ದೇವರ ದೀಪ ಉರಿಯುವ ಕೋಣೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಇಡಬೇಡಿ. ನೀರು ಹಾಕುವಾಗ ಬಳೆ, ಉಂಗುರ ತೆಗೆದಿಡಿ. ಲೋಹ ಎರಡು ತುದಿಗೆ ತಾಗಿದರೆ ಕೈ ಸುಡುತ್ತದೆ. ಆಸಿಡ್ ಕಣ್ಣಿಗೆ ಹಾರಿದರೆ ಧಾರಾಳ ನೀರಿನಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೋಗಿ.

ಲಿಥಿಯಂ ಬ್ಯಾಟರಿ ಮಲಗುವ ಕೋಣೆಯಲ್ಲಿ, ಮೆಟ್ಟಿಲ ಕೆಳಗೆ, ಮುಂಬಾಗಿಲ ಪಕ್ಕದಲ್ಲಿ ಬೇಡ. ಬೆಂಕಿ ಅಪರೂಪ, ಆದರೆ ಬಂದರೆ ಹೊರಗೆ ಓಡುವ ದಾರಿಯಲ್ಲೇ ಅದು ಇರಬಾರದು. ಬಿಸಿಲು ಬೀಳದ, ಮಳೆ ಎರಚಲು ಹೊಡೆಯದ ಉತ್ತರದ ಗೋಡೆ ಒಳ್ಳೆಯದು. ಕರಾವಳಿಯಲ್ಲಿ ಉಪ್ಪುಗಾಳಿಗೆ ತಡೆಯುವಂತೆ ಐಪಿ65 ದರ್ಜೆಯ ಪೆಟ್ಟಿಗೆ ಕೇಳಿ. ಇರುವೆ, ಹಲ್ಲಿ ಒಳಹೊಕ್ಕು ಬೋರ್ಡ್ ಸುಟ್ಟ ಇನ್ವರ್ಟರುಗಳು ಎಲ್ಲ ಕಡೆ ಇವೆ. ಕೇಬಲ್ ಹೋಗುವ ತೂತುಗಳನ್ನು ಮುಚ್ಚಿಸಿ.

ಹಳೆಯ ಬ್ಯಾಟರಿಯನ್ನು ಸೀಸ ಕರಗಿಸುವ ಬೀದಿಬದಿಯವರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ಅದನ್ನು ಹಿಂಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಳೆಯ ಬ್ಯಾಟರಿಯ ಸಾಲಿಗೆ ಹೊಸದೊಂದನ್ನು ಸೇರಿಸುವುದು. ಸಾಲಿನಲ್ಲಿ ದುರ್ಬಲವಾದದ್ದು ಹೇಗಿದೆಯೋ ಉಳಿದವೂ ಹಾಗೇ ನಡೆಯುತ್ತವೆ. ನಾಲ್ಕೂ ಒಟ್ಟಿಗೆ ಬದಲಿಸಿ.

ರಿಸರ್ವ್ ಸೆಟ್ ಮಾಡದಿರುವುದು. ಹೈಬ್ರಿಡ್ ಇನ್ವರ್ಟರ್ ತನ್ನ ಪಾಡಿಗೆ ಬಿಟ್ಟರೆ ಸಂಜೆಯಿಂದಲೇ ಬ್ಯಾಟರಿಯನ್ನು ಬಳಸಿ ಮುಗಿಸಬಹುದು. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದರೆ ಒಳಗೆ ಏನೂ ಇರುವುದಿಲ್ಲ. ಬ್ಯಾಟರಿ ಕತ್ತಲೆಗಾಗಿ ಎಂದಾದರೆ ನೂರಕ್ಕೆ 70-80ರಷ್ಟು ಮೀಸಲಿಡುವಂತೆ ಇನ್‌ಸ್ಟಾಲ್ ಮಾಡುವ ದಿನವೇ ಹೇಳಿ.

ಇಡೀ ಮನೆಯನ್ನು ಬ್ಯಾಟರಿ ಲೈನಿಗೆ ಹಾಕಿಸುವುದು. ಯಾರೋ ಮರೆತು ಗೀಸರ್ ಹಾಕಿದರೆ ಅಲ್ಲಿಗೆ ಮುಗಿಯಿತು.

ಮುಂದೆ ಬೇಕಾದೀತು ಎಂದು ಈಗಲೇ ಎರಡರಷ್ಟು ಕೊಳ್ಳುವುದು. ಬಳಸದ ಬ್ಯಾಟರಿಗೂ ವಯಸ್ಸಾಗುತ್ತದೆ. ಇನ್ವರ್ಟರ್ ದೊಡ್ಡದಿರಲಿ, ಬ್ಯಾಟರಿಯನ್ನು ಆಮೇಲೆ ಸೇರಿಸಲು ಬರುವಂಥದ್ದನ್ನು ಆರಿಸಿ.

ಯಾರಿಗೆ ಯಾವುದು?

ನೆಟ್ ಮೀಟರ್ ಇದ್ದು, ಕರೆಂಟು ಹೋಗುವುದು ಒಂದೆರಡು ಗಂಟೆಯಷ್ಟೇ ಆದರೆ, ಮನೆಯಲ್ಲಿರುವ ಹಳೆಯ ಯುಪಿಎಸ್ ಮತ್ತು ಒಂದು ಟ್ಯೂಬುಲರ್ ಬ್ಯಾಟರಿ ಸಾಕು. ಅದು ಲೈನಿನಿಂದ ತುಂಬಿಕೊಳ್ಳಲಿ, ಸೋಲಾರ್ ತನ್ನ ಪಾಡಿಗೆ ಬಿಲ್ ಇಳಿಸಲಿ. ಬೇಕಾದರೆ ಫ್ಯಾನ್ ಬದಲಿಸಿ.

ದಿನಕ್ಕೆ ನಾಲ್ಕೈದು ಗಂಟೆ ಕರೆಂಟು ಹೋಗುವ ಹಳ್ಳಿಯ ಮನೆಗೆ, ಬಯಲುಸೀಮೆಯ ಸೆಕೆಯಲ್ಲಂತೂ, ಎಲ್‌ಎಫ್‌ಪಿಯೇ ಸರಿ. ಅಲ್ಲಿ ಅದು ದಿನಾ ದುಡಿಯುತ್ತದೆ, ಕೊಟ್ಟ ದುಡ್ಡು ಸಾರ್ಥಕವಾಗುತ್ತದೆ.

ಮಲೆನಾಡು, ಕೊಡಗಿನ ತೋಟದ ಮನೆಗೂ ಎಲ್‌ಎಫ್‌ಪಿಯೇ, ಜೊತೆಗೆ ಹೈಬ್ರಿಡ್ ಇನ್ವರ್ಟರ್. ಆದರೆ ದುಡ್ಡನ್ನು ಬ್ಯಾಟರಿಗಿಂತ ಹೆಚ್ಚಾಗಿ ಪ್ಯಾನೆಲ್ಲಿಗೆ ಹಾಕಿ. ಮೋಡದ ದಿನ ಮೂರು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಒಂದೂವರೆಯಿಂದ ಮೂರು ಯೂನಿಟ್ ಕೊಟ್ಟರೆ ಅದೇ ಹೆಚ್ಚು. ತುಂಬಿಸಲು ಬಿಸಿಲಿಲ್ಲದ ಮೇಲೆ ಹತ್ತು ಯೂನಿಟ್ ಬ್ಯಾಟರಿ ಇಟ್ಟುಕೊಂಡು ಫಲವಿಲ್ಲ.

ಬಿಲ್ ಉಳಿಸಲೆಂದೇ ಬ್ಯಾಟರಿ ಕೊಳ್ಳಹೊರಟವರಿಗೆ ನನ್ನ ಉತ್ತರ: ಈಗಿನ ದರದಲ್ಲಿ ಬೇಡ.

ಮಳೆಯ ಸೀಮೆಯವರು ಹಾಕಿಸುವುದಾದರೆ ಏಪ್ರಿಲ್ ಒಳಗೆ ಹಾಕಿಸಿಕೊಳ್ಳಿ. ಹಾಕಿಸಿದ ವಾರವೇ ಮೇನ್ ಸ್ವಿಚ್ ಆಫ್ ಮಾಡಿ ಒಂದು ಇಡೀ ರಾತ್ರಿ ನಡೆಸಿ ನೋಡಿ. ದೋಷ ಏನಿದ್ದರೂ ಮೆಕ್ಯಾನಿಕ್ ಮನೆಯವರೆಗೆ ಬರಲು ದಾರಿ ಇರುವ ತಿಂಗಳಲ್ಲೇ ಅದು ಗೊತ್ತಾಗಲಿ.